ಅಜ್ಜಿಯ ಎಂಜಲಿನ ಮೇಲೆ ಹೊರಿಸಿದ ಅಪವಾದ

ಪ್ರಶ್ನೆ: ನಮ್ಮದು ಯರಗೇರಾ. ಎಂಟು ವರ್ಷದ ಮಗ, ಮೂರು ವರ್ಷದ ಮಗಳು ಅದಾರ. ಹೋದ ವರ್ಷ ಮಗನ ಕುತ್ತಿಗ್ಯಾಗ ಗಂಟು ಆದವು. ಮೊದಲು ಟಿ.ಬಿ. ಅಂದ್ರು, ಗುಳಿಗಿ ಕೊಟ್ರು. ಗಂಟು ಇಳೀಲಿಲ್ಲ, ರಾತ್ರಿ ಅಂಗಿ ತೊಯ್ಯೂ ಹಂಗ ಬೆವರಾಕ ಹತ್ತಿತು, ಹುಡುಗ ಸೊರಗಿದ. ಕೊನಿಗೆ ಬೆಂಗಳೂರಿಗೆ ಕರಕೊಂಡು ಹೋದಿವಿ. ಗಂಟು ತೆಗೆದು ಪರೀಕ್ಷಾ ಮಾಡಿ ಹಾಡ್ಜ್‌ಕಿನ್ ಲಿಂಫೋಮಾ ಅಂದ್ರು. ಎರಡು ಕೀಮೋ ಆಗ್ಯಾವ. ಈಗ ಗಂಟು ಕೈಗೆ ಸಿಗವಲ್ಲವು.

ರಿಪೋರ್ಟಿನ ಕೆಳಗ ‘ಇಬಿವಿ ಪಾಸಿಟಿವ್’ ಅಂತ ಬರದಾರ. ನಮ್ಮ ಭಾವನ ಮಗ ಇಲ್ಲೇ ಯೂನಿವರ್ಸಿಟ್ಯಾಗ ಓದತಾನ, ಅವ ಮೊಬೈಲ್‌ನಾಗ ನೋಡಿ ಇದು ವೈರಸ್, ಎಂಜಲದಿಂದ ಬರ್ತದ, ಕ್ಯಾನ್ಸರ್ ಮಾಡತದ ಅಂದ. ನಮ್ಮ ಅತ್ತಿ ಹುಡುಗ ಸಣ್ಣಾವ ಇದ್ದಾಗ ರೊಟ್ಟಿ ತಾನು ನುರಿಸಿ ಅವನ ಬಾಯಾಗ ಇಡತಿದ್ದಳು. ಸಿಟ್ಟಿನಾಗ ನಾನು ಆಕಿಗೆ ಅನಬಾರದ್ದು ಅಂದೆ. ಆಕಿ ಈಗ ಮಾತು ಬಿಟ್ಟಾಳ, ಊಟಾನೂ ಸರಿ ಮಾಡವಲ್ಲಳು. ಮಗನ ತಾಟು, ಗ್ಲಾಸು ಬ್ಯಾರೆ ಇಟ್ಟೀನಿ. ಮುದ್ದು ಕೊಡಾಕೂ ಅಂಜಿಕಿ. ಮಗಳನ್ನ ಅಂಗನವಾಡಿಗೆ ಕಳಸವಲ್ಲೆ. ಓಣಿ ಹುಡುಗರು ನಮ್ಮ ಮನಿ ಕಡೆ ಬರವಲ್ಲವು. ನಾದಿನಿ ಚೊಚ್ಚಲ ಬಾಣಂತನಕ್ಕ ಬಂದಾಳ, ಆಕಿಗೆ ಏನರ ಆದೀತು ಅಂತ ಹೆದರಿಕಿ. ನಮ್ಮ ತವರು ದೇವದುರ್ಗದ ಕಡೆ ಒಂದು ಹುಡುಗಿಗೆ ಬ್ಲಡ್ ಕ್ಯಾನ್ಸರ್ ಆಗ್ಯದ, ಅದೂ ವೈರಸ್ಸೇ ಏನು? ಮಾನ್ವಿಯಾಗ ಝೀಕಾ ಬಂದಿತ್ತಲ್ಲ, ಅದರಿಂದನೂ ಆಗತದೇನು? ನಮ್ಮನಿಯವರು ಗಂಟು ಕರಗ್ಯಾವ, ಹತ್ತಿ ಬಿಡಸೂ ಕಾಲ, ಇನ್ನ ಬೆಂಗಳೂರು ಸಾಕು ಅನ್ನಾಕ ಹತ್ಯಾರ. ಏನು ಮಾಡಲಿ?
– ಹೆಸರು ಬೇಡ, ಯರಗೇರಾ

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ. ಎಲ್ಲಕ್ಕಿಂತ ತುರ್ತಾದದ್ದನ್ನು ನೀವು ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಕೀಮೋ ನಿಲ್ಲಿಸಬೇಡಿ. ವೈರಸ್ ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಆರು ತಿಂಗಳು ಬಿಟ್ಟು ಹಾಕಿದರೂ ನಡೆಯುತ್ತದೆ. ಮೂರನೆಯ ಕೀಮೋದ ತಾರೀಖನ್ನು ತಪ್ಪಿಸಿದರೆ ನಡೆಯುವುದಿಲ್ಲ.

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಔಷಧಿಗೆ ಚೆನ್ನಾಗಿ ಬಗ್ಗುವಂಥದ್ದು. ಚಿಕಿತ್ಸೆ ಪೂರ್ತಿ ಮಾಡಿಸಿದ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಗುಣವಾಗಿ, ಶಾಲೆ ಮುಗಿಸಿ, ಮದುವೆ ಮಕ್ಕಳು ಅಂತ ಬಾಳುತ್ತಾರೆ. ‘ಪೂರ್ತಿ’ ಎಂಬುದನ್ನು ಮರೆಯಬೇಡಿ. ಒಂದೆರಡು ಕೀಮೋ ಆದಮೇಲೆ ಗಂಟು ಕೈಗೆ ಸಿಗದಂತಾಗುವುದು ಈ ಕಾಯಿಲೆಯ ಸ್ವಭಾವ. ನಮ್ಮ ದೇಶದಲ್ಲಿ ಬಹಳ ಮಂದಿ ತಂದೆತಾಯಿ ಚಿಕಿತ್ಸೆ ಬಿಡುವುದೂ ಇದೇ ಘಟ್ಟದಲ್ಲಿ. ಅವರಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಎಂದು ನಾನು ಯಾವತ್ತೂ ಹೇಳಲಾರೆ. ಕೂಲಿ ತಪ್ಪುತ್ತದೆ, ಸಾಲ ಬೆಳೆಯುತ್ತದೆ, ಹುಡುಗ ಆರಾಮ ಕಾಣುತ್ತಾನೆ. ನಿಮ್ಮ ಯಜಮಾನರು ಹತ್ತಿ ಬೆಳೆಯುವವರು. ಅವರಿಗೆ ಹೀಗೆ ಹೇಳಿ ನೋಡಿ: ಕುಂಟೆ ಹೊಡೆದ ಮೇಲೆ ಎರೆಹೊಲ ಹಸನಾಗಿ ಕಾಣುತ್ತದೆ, ಕರಿಕೆ ಬೇರು ಮಾತ್ರ ಕೆಳಗೆ ಹಾಗೆಯೇ ಇರುತ್ತದೆ, ಒಂದು ಮಳೆ ಬಿದ್ದರೆ ಮತ್ತೆ ಹೊಲ ತುಂಬ ಹಬ್ಬುತ್ತದೆ. ಉಳಿದ ಕೀಮೋ ಆ ಬೇರಿಗೆ. ಅರ್ಧಕ್ಕೆ ಬಿಟ್ಟು ಮರಳಿ ಬಂದ ಕಾಯಿಲೆಗೆ ಇನ್ನೂ ಜೋರು ಔಷಧಿ ಬೇಕು, ಇನ್ನೂ ಹೆಚ್ಚು ದಿನ ಬೇಕು, ಗುಣವಾಗುವ ಸಾಧ್ಯತೆಯೂ ಇಳಿಯುತ್ತದೆ. ಹತ್ತಿ ಬಿಡಿಸಲು ಆಳು ಸಿಗುತ್ತಾರೆ, ಈ ಕೆಲಸಕ್ಕೆ ಬದಲಿ ಆಳು ಇಲ್ಲ.

ಇನ್ನು ಎಂಜಲಿನ ಮಾತು.

ನಿಮ್ಮ ಭಾವನ ಮಗ ಸುಳ್ಳು ಹೇಳಿಲ್ಲ. ಓದಿದ್ದರಲ್ಲಿ ಕಾಲುಭಾಗ ಮಾತ್ರ ನಿಮಗೆ ಹೇಳಿದ್ದಾನೆ, ಮನೆ ಮುರಿಯುವುದಕ್ಕೆ ಅಷ್ಟು ಸಾಕಾಯಿತು. ಉಳಿದ ಮುಕ್ಕಾಲು ಇಲ್ಲಿದೆ. ಅತ್ತೆಯವರನ್ನೂ ಕೂರಿಸಿಕೊಂಡು ಓದಿ.

ಇಬಿವಿ ಎಂದರೆ ಎಪ್ಸ್ಟೀನ್-ಬಾರ್ ವೈರಸ್. 1950ರ ದಶಕದ ಕೊನೆಯಲ್ಲಿ ಆಫ್ರಿಕಾದ ಉಗಾಂಡದಲ್ಲಿ, ಕಂಪಾಲಾ ನಗರದ ಮುಲಾಗೋ ಆಸ್ಪತ್ರೆಯಲ್ಲಿ ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಇದ್ದರು. ಅವರ ಹತ್ತಿರ ದವಡೆ ಊದಿಕೊಂಡ ಮಕ್ಕಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ವಾರ ವಾರಕ್ಕೆ ಬೆಳೆಯುವ ಗಡ್ಡೆ. 1958ರಲ್ಲಿ ಅವರು ಅದರ ಬಗ್ಗೆ ಬರೆದರು. ಆಮೇಲೆ ಒಂದು ಹಳೆಯ ಕಾರು ಹತ್ತಿ, ಪೂರ್ವ ಆಫ್ರಿಕಾದ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿ, ಈ ಗಡ್ಡೆ ಯಾವ ಸೀಮೆಯಲ್ಲಿದೆ, ಯಾವುದರಲ್ಲಿ ಇಲ್ಲ ಎಂದು ನಕಾಶೆ ಮಾಡಿದರು. ಮಳೆ ಹೆಚ್ಚು, ಸೆಕೆ ಹೆಚ್ಚು, ಮಲೇರಿಯಾ ಹೆಚ್ಚು ಇರುವ ಕಡೆಗಳಲ್ಲೇ ಅದು ಕಂಡಿತು. 1961ರಲ್ಲಿ ಲಂಡನ್ನಿನಲ್ಲಿ ಅವರ ಭಾಷಣ ಕೇಳಲು ಬಂದವರಲ್ಲಿ ಆಂಟನಿ ಎಪ್ಸ್ಟೀನ್ ಎಂಬ ವಿಜ್ಞಾನಿ ಇದ್ದರು. ಅವರು ಆ ಗಡ್ಡೆಗಳ ತುಂಡುಗಳನ್ನು ವಿಮಾನದಲ್ಲಿ ತರಿಸಿಕೊಂಡು ಪರೀಕ್ಷಿಸತೊಡಗಿದರು. ಎರಡು ವರ್ಷ ಏನೂ ಸಿಗಲಿಲ್ಲ. ಮಂಜು ಕವಿದು ವಿಮಾನ ಬೇರೆ ಊರಿಗೆ ಹೋಗಿ ತಡವಾಗಿ ತಲುಪಿದ ಒಂದು ಮಾದರಿಯಲ್ಲಿ ಜೀವಕೋಶಗಳು ತಾವಾಗಿಯೇ ಬಿಡಿಬಿಡಿಯಾಗಿ ತೇಲುತ್ತಿದ್ದವು. ಅಲ್ಲಿಂದ ಕೋಶಗಳನ್ನು ಬೆಳೆಸುವ ದಾರಿ ಸಿಕ್ಕಿತು. 1964ರಲ್ಲಿ ಎಪ್ಸ್ಟೀನ್, ಬರ್ಟ್ ಅಚಾಂಗ್, ಇವೋನ್ ಬಾರ್ ಮೂವರೂ ಸೇರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಸ್ಸನ್ನು ಕಂಡದ್ದಾಗಿ ಪ್ರಕಟಿಸಿದರು. ಮನುಷ್ಯರ ಕ್ಯಾನ್ಸರ್ ಜೊತೆ ಗುರುತಿಸಿದ ಮೊದಲ ವೈರಸ್ ಇದು, ಅದೂ ಮಕ್ಕಳ ಕ್ಯಾನ್ಸರ್‌ನಲ್ಲಿ ಸಿಕ್ಕಿದ್ದು. ಎಪ್ಸ್ಟೀನ್ 102 ವರ್ಷ ಬದುಕಿದ್ದು 2024ರಲ್ಲಿ ತೀರಿಕೊಂಡರು.

ಇಷ್ಟುದ್ದ ಹೇಳಿದ್ದಕ್ಕೆ ಕಾರಣವಿದೆ. ಕ್ಯಾನ್ಸರ್ ಗಡ್ಡೆಯಲ್ಲಿ ವೈರಸ್ ಸಿಕ್ಕಿತಲ್ಲ, ಇನ್ನೇನು, ಯಾರಿಗೆ ಈ ವೈರಸ್ ಇದೆಯೋ ಅವರಿಗೆ ಕ್ಯಾನ್ಸರ್ ಎಂದು ಹಿಡಿಯಬಹುದು ಅಂತ ನೀವು ತಿಳಿದಂತೆ ಆಗ ಕೆಲವರು ತಿಳಿದಿದ್ದರು. ಹುಡುಕುತ್ತ ಹೋದಂತೆ ಬೇರೆಯೇ ಚಿತ್ರ ಕಂಡಿತು. ಅಮೆರಿಕದಲ್ಲಿ, ಯುರೋಪಿನಲ್ಲಿ, ನಮ್ಮಲ್ಲಿ, ಎಲ್ಲಿ ರಕ್ತ ಪರೀಕ್ಷೆ ಮಾಡಿದರೂ ಈ ವೈರಸ್ಸಿನ ಗುರುತು ಇತ್ತು. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಇದು ಇದೆ. ನಿಮ್ಮಲ್ಲಿ, ನಿಮ್ಮ ಯಜಮಾನರಲ್ಲಿ, ನಾದಿನಿಯಲ್ಲಿ, ಹೆಚ್ಚುಕಮ್ಮಿ ಖಂಡಿತ ಇದೆ. ನನ್ನಲ್ಲೂ ಇರಬೇಕು. ನಮ್ಮ ದೇಶದ ಮಕ್ಕಳಿಗೆ ಇದು ಶಾಲೆಗೆ ಹೋಗುವ ಮೊದಲೇ ತಗಲಿರುತ್ತದೆ. ಒಂದು ಸಣ್ಣ ಜ್ವರ, ನೆಗಡಿ, ಎಷ್ಟೋ ಸಲ ಅದೂ ಇಲ್ಲ, ತಾಯಿಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ಬಂದರೆ ರಕ್ತದ ಒಂದು ಬಗೆಯ ಬಿಳಿ ಕಣದಲ್ಲಿ ಜೀವನಪೂರ್ತಿ ಸುಮ್ಮನೆ ಕುಳಿತಿರುತ್ತದೆ. ಅಷ್ಟು ಕೋಟಿ ಜನರಲ್ಲಿ ಕ್ಯಾನ್ಸರ್ ಆಗುವುದು ಬಹಳ ಬಹಳ ಕಡಿಮೆ ಮಂದಿಗೆ.

ಅಂದಮೇಲೆ ಅತ್ತೆ ರೊಟ್ಟಿ ನುರಿಸಿ ಕೊಡದಿದ್ದರೆ ಏನಾಗುತ್ತಿತ್ತು? ಅಂಗನವಾಡಿಯಲ್ಲಿ ಪಕ್ಕದ ಕೂಸು ಬಾಯಲ್ಲಿಟ್ಟ ಆಟಿಕೆಯಿಂದ ಬರುತ್ತಿತ್ತು. ಜಾತ್ರೆಯಲ್ಲಿ ಯಾರೋ ಎತ್ತಿಕೊಂಡು ಮುದ್ದಿಟ್ಟಾಗ ಬರುತ್ತಿತ್ತು. ನಿಮ್ಮಿಂದಲೇ ಬಂದಿರಬಹುದು. ವೈರಸ್ ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು, ಹೇಳಿದರೂ ಅದಕ್ಕೆ ಬೆಲೆಯಿಲ್ಲ. ಆ ಮುದುಕಿ ಹಲ್ಲು ಬರದ ಮೊಮ್ಮಗನಿಗೆ ಜೋಳದ ರೊಟ್ಟಿ ಮೆತ್ತಗೆ ಮಾಡಿ ಕೊಟ್ಟದ್ದು ಅವನು ಉಣ್ಣಲಿ ಎಂದು. ಬಾಯಿಂದ ಬಾಯಿಗೆ ಉಣಿಸುವುದು ಒಳ್ಳೆಯ ಪದ್ಧತಿ ಎಂದು ನಾನು ಹೇಳುವುದಿಲ್ಲ, ಬೇರೆ ಸೋಂಕುಗಳೂ ಹಾಗೆ ಬರುತ್ತವೆ, ಮಗಳಿಗೆ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಕೊಡಿ. ಆದರೆ ಮಗನ ಕಾಯಿಲೆಯ ಅಪವಾದವನ್ನು ಅವರ ಮೇಲೆ ಹೊರಿಸುವುದು ತಪ್ಪು. ಮಾತು ಆಡಿದವರು ನೀವು, ಹಿಂದಕ್ಕೆ ತೆಗೆದುಕೊಳ್ಳಬೇಕಾದವರೂ ನೀವೇ. ಸುತ್ತುಬಳಸಿ ಬೇಡ. “ಡಾಕ್ಟರು ಹೇಳ್ಯಾರ, ನಿಮ್ಮಿಂದ ಆಗಿದ್ದಲ್ಲತ್ತೆವ್ವಾ” ಎಂದು ನೇರವಾಗಿ ಹೇಳಿ. ಊಟ ಬಿಟ್ಟ ಮುದುಕಿಯನ್ನು ನೋಡಿ ನಿಮ್ಮ ಮಗ ತನ್ನಿಂದಲೇ ಮನೆ ಕೆಟ್ಟಿತು ಅಂದುಕೊಳ್ಳುತ್ತಿರುತ್ತಾನೆ. ಎಂಟು ವರ್ಷದ ಹುಡುಗರಿಗೆ ಇಷ್ಟೆಲ್ಲ ತಿಳಿಯುತ್ತದೆ.

ಹಾಗಾದರೆ ಅವನ ಗಂಟಿನಲ್ಲಿ ವೈರಸ್ ಮಾಡುತ್ತಿದ್ದುದೇನು ಎಂದು ನೀವು ಕೇಳುತ್ತೀರಿ. ನಮ್ಮ ರಕ್ತದ ಬಿ ಎಂಬ ಆ ಬಿಳಿ ಕಣಗಳು ದಿನವೂ ಹುಟ್ಟುತ್ತವೆ, ಕೆಟ್ಟವು ತಾವಾಗಿ ಸಾಯುತ್ತವೆ. ಇಬಿವಿ ಹೊಕ್ಕ ಕಣ ಕೆಟ್ಟದ್ದಾಗಿದ್ದರೂ, ವೈರಸ್ ತಯಾರಿಸುವ ಒಂದು ಪ್ರೋಟೀನು ಅದಕ್ಕೆ ‘ಸಾಯಬೇಡ’ ಎಂಬ ಸಂಕೇತ ಕೊಡುತ್ತಲೇ ಇರುತ್ತದೆ. ಹಾಗೆ ಉಳಿದ ಕಣದಲ್ಲಿ ಮುಂದೆ ಇನ್ನಷ್ಟು ಏರುಪೇರುಗಳು ಸೇರಿದಾಗ, ಮಗುವಿನ ರೋಗನಿರೋಧಕ ಶಕ್ತಿ ಅದನ್ನು ಹಿಡಿಯದೆ ಬಿಟ್ಟಾಗ, ಹುಟ್ಟಿನಿಂದ ಬಂದ ಕೆಲವು ಗುಣಗಳೂ ಕೂಡಿದಾಗ ಗಂಟು ಬೆಳೆಯುತ್ತದೆ. ವೈರಸ್ ಒಂದು ಪಾಲುದಾರ, ಅಷ್ಟೇ. ಅಮೆರಿಕ, ಯುರೋಪಿನ ಹಾಡ್ಜ್‌ಕಿನ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರ ಗಂಟಿನಲ್ಲಿ ಮಾತ್ರ ಈ ವೈರಸ್ ಸಿಗುತ್ತದೆ. ಭಾರತದ ಮಕ್ಕಳಲ್ಲಿ ಬಹುಪಾಲು ಗಂಟುಗಳಲ್ಲಿ ಸಿಗುತ್ತದೆ, ಇಲ್ಲಿ ಸಣ್ಣ ವಯಸ್ಸಿನಲ್ಲೇ ಎಲ್ಲರಿಗೂ ತಗಲುವುದು ಅದಕ್ಕೆ ಒಂದು ಕಾರಣವಿರಬೇಕು. ಅಂದರೆ ನಿಮ್ಮ ಮಗನ ರಿಪೋರ್ಟಿನಲ್ಲಿ ಆ ಸಾಲು ಇರುವುದು ವಿಶೇಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಇಬಿವಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಅದೂ ನಿಜ.

ಊರಿನವರಿಗೆ ‘ಪಾಸಿಟಿವ್’ ಅಂದರೆ ಕೊರೊನಾ ದಿನಗಳ ನೆನಪು, ಮನೆಗೆ ಪಟ್ಟಿ ಕಟ್ಟಿದ ನೆನಪು. ಈ ರಿಪೋರ್ಟಿನ ಪಾಸಿಟಿವ್ ಅದಲ್ಲ. ಗಂಟಿನ ತುಂಡಿನೊಳಗೆ ವೈರಸ್ಸಿನ ಗುರುತು ಕಂಡಿತು ಎಂದಷ್ಟೇ ಅರ್ಥ. ಹುಡುಗನಿಂದ ಯಾರಿಗೂ ಕ್ಯಾನ್ಸರ್ ಹರಡುವುದಿಲ್ಲ. ಕ್ಯಾನ್ಸರ್ ಮುಟ್ಟಿದರೆ ಬರದು, ಕೂಡಿ ಉಂಡರೆ ಬರದು, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರದು. ಓಣಿಯವರಿಗೆ ನೀವೇ ಹೋಗಿ ವಾದ ಮಾಡಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೋ ಈ ಅಂಕಣ ತೋರಿಸಿ, ಅವರ ಬಾಯಿಂದ ಹೇಳಿಸಿ. ಅವರ ಮಾತಿಗೆ ಇರುವ ತೂಕ ನಿಮ್ಮ ಅಳುವಿಗೆ ಇರುವುದಿಲ್ಲ.

ಇನ್ನೊಂದು. ವೈರಸ್ಸಿಗೆ ಔಷಧಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಬಿಚ್ಚಬೇಡಿ. ಇಬಿವಿಯನ್ನು ಮೈಯಿಂದ ತೆಗೆದುಹಾಕುವ ಗುಳಿಗೆಯಿಲ್ಲ, ಅದಕ್ಕೆ ಬಳಕೆಗೆ ಬಂದ ಲಸಿಕೆಯೂ ಇನ್ನೂ ಇಲ್ಲ. ವೈರಸ್ ಇದ್ದರೂ ಇಲ್ಲದಿದ್ದರೂ ನಿಮ್ಮ ಮಗನಿಗೆ ಕೊಡುವ ಕೀಮೋ ಅದೇ. ನಾಟಿ ಔಷಧಿ ಕೊಡಲೇಬೇಕು ಎಂದು ಹಿರಿಯರು ಹಟ ಹಿಡಿದರೆ ಬೆಂಗಳೂರಿನ ಡಾಕ್ಟರಿಗೆ ಹೇಳದೆ ಕೊಡಬೇಡಿ. ಕೀಮೋ ನಡೆಯುವಾಗ ಮಗುವಿನ ಲಿವರ್ ಮೊದಲೇ ದಣಿದಿರುತ್ತದೆ.

ತಾಟು, ಗ್ಲಾಸು ಬೇರೆ ಇಟ್ಟಿದ್ದೀರಿ. ಇರಲಿ, ಆದರೆ ಕಾರಣವನ್ನು ತಿರುಗಿಸಿಕೊಳ್ಳಿ. ಅವನಿಂದ ನಿಮಗೆ ಏನೂ ಬರುವುದಿಲ್ಲ, ನಿಮ್ಮಿಂದ ಅವನಿಗೆ ಬರಬಹುದು. ಕೀಮೋ ಆದ ಒಂದೆರಡು ವಾರ ಅವನ ಬಿಳಿ ರಕ್ತಕಣಗಳು ಇಳಿದಿರುತ್ತವೆ, ಆಗ ಮನೆಯವರ ಸಾಮಾನ್ಯ ನೆಗಡಿಯೂ ಅವನಿಗೆ ಭಾರ. ಕೈ ತೊಳೆದು ಮುಟ್ಟಿ, ಕುದಿಸಿದ ನೀರು ಕೊಡಿ, ಬಿಸಿ ಅಡಿಗೆ ಕೊಡಿ. “ನಿನ್ನ ಕಾಯೋಕೆ ಈ ತಾಟು” ಎಂದು ಅವನಿಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಹೊಲೆ-ಮೈಲಿಗೆ ಅಂತ ತಿಳಿದುಕೊಳ್ಳುತ್ತಾನೆ. ಮತ್ತೆ, ಮುದ್ದು ಕೊಡಿ. ನಿಮಗೆ ನೆಗಡಿ ಕೆಮ್ಮು ಇಲ್ಲದಿದ್ದರೆ ಧಾರಾಳವಾಗಿ ಕೊಡಿ.

ಕೀಮೋದ ದಿನಗಳಲ್ಲಿ ಜ್ವರ ಅಂದರೆ ಕಾಯಬಾರದು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಕಂಕುಳಲ್ಲಿ ಇಟ್ಟು ನೋಡಿ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಜ್ವರದ ಗುಳಿಗೆ ಕೊಟ್ಟು ಬೆಳಗಿನವರೆಗೆ ನೋಡೋಣ ಎನ್ನಬೇಡಿ, ಊರಿನ ಆರ್‌ಎಂಪಿ ಹತ್ತಿರ ಸೂಜಿ ಚುಚ್ಚಿಸಬೇಡಿ. ರಾಯಚೂರು ನಿಮಗೆ ದೂರವಲ್ಲ. ಅಲ್ಲಿನ ರಿಮ್ಸ್ ಆಸ್ಪತ್ರೆಗೆ ಹೋಗಿ, ಫೈಲು ತೋರಿಸಿ, “ಕೀಮೋ ನಡೆದದ, ಜ್ವರ ಬಂದದ” ಎಂದು ಮೊದಲ ಮಾತಿನಲ್ಲೇ ಹೇಳಿ. ಫೈಲಿನ ಮೇಲೆ ಬೆಂಗಳೂರಿನ ವಾರ್ಡಿನ ಫೋನ್ ನಂಬರು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ, ನೀವು ಹೆದರಬೇಕಾದ ಸೋಂಕು ಇಬಿವಿಯಲ್ಲ, ಇದು.

ಸೀತಾಳೆ ಸಿಡುಬು, ದಡಾರ ಕೂಡ ಹಾಗೆಯೇ. ಓಣಿಯಲ್ಲಿ ಯಾವುದೋ ಮಗುವಿಗೆ ‘ಅಮ್ಮ ಬಂದಾಳ’ ಎಂದು ಕಿವಿಗೆ ಬಿದ್ದರೆ, ನಿಮ್ಮ ಮಗ ಆ ಮಗುವಿನ ಹತ್ತಿರ ಹೋಗಿದ್ದನೆಂದರೆ, ಬೇವಿನ ಸೊಪ್ಪು ಕಟ್ಟುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮೂರು ನಾಲ್ಕು ದಿನದೊಳಗೆ ಔಷಧಿ ಶುರು ಮಾಡಿದರೆ ತಡೆಯಬಹುದು, ಗುಳ್ಳೆ ಎದ್ದ ಮೇಲೆ ಕಷ್ಟ. ಮಗನಿಗೆ ಚಿಕಿತ್ಸೆ ಮುಗಿದು ಡಾಕ್ಟರು ಒಪ್ಪುವವರೆಗೆ ಜೀವಂತ ವೈರಸ್ಸಿನ ಲಸಿಕೆಗಳು ಬೇಡ. ಮಗಳಿಗೆ ಮಾತ್ರ ದಡಾರ-ರುಬೆಲ್ಲಾ ಲಸಿಕೆಯ ಎರಡೂ ಡೋಸು ಆಗಿವೆಯೇ ತಾಯಿ ಕಾರ್ಡ್ ನೋಡಿ, ಆಗಿಲ್ಲದಿದ್ದರೆ ಹಾಕಿಸಿ. ಅವಳಿಗೆ ಹಾಕಿಸುವುದು ಅಣ್ಣನಿಗೂ ರಕ್ಷಣೆ. ಸೀತಾಳೆ ಸಿಡುಬಿನ ಲಸಿಕೆ ಸರಕಾರಿ ಪಟ್ಟಿಯಲ್ಲಿಲ್ಲ, ಹಣ ಹೊಂದಿಸಲು ಆದರೆ ಅವಳಿಗೆ ಅದನ್ನೂ ಹಾಕಿಸಿ. ಪಲ್ಸ್ ಪೋಲಿಯೋದವರು ಮನೆ ಬಾಗಿಲಿಗೆ ಬಂದಾಗ ಮಾತ್ರ ಒಂದು ನಿಮಿಷ ತಡೆಯಿರಿ. ಬಾಯಿಗೆ ಹಾಕುವ ಹನಿಯಲ್ಲಿ ಜೀವಂತ, ದುರ್ಬಲ ಮಾಡಿದ ವೈರಸ್ ಇರುತ್ತದೆ, ಅದು ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಕೀಮೋ ಮಗು ಇರುವ ಮನೆಯಲ್ಲಿ ಹನಿಯ ಬದಲು ಚುಚ್ಚುಮದ್ದಿನ ಪೋಲಿಯೋ ಲಸಿಕೆ ಸರಿ. ಪೋಲಿಯೋ ಬೇಡವೇ ಬೇಡ ಎಂದು ಕಳಿಸಬೇಡಿ, “ಮನ್ಯಾಗ ಕೀಮೋ ಹುಡುಗ ಅದಾನ, ಏನು ಮಾಡೂದು” ಎಂದು ಕೇಳಿ.

ಮಗಳನ್ನು ಅಂಗನವಾಡಿಗೆ ಕಳಿಸಿ. ಅವಳಿಗೆ ಇಬಿವಿ ಈಗಾಗಲೇ ಬಂದಿರಬೇಕು, ಬಂದಿದ್ದರೂ ಅಣ್ಣನ ಕಾಯಿಲೆ ಅವಳಿಗೆ ಬರುತ್ತದೆ ಎಂದಲ್ಲ. ಒಡಹುಟ್ಟಿದವರಲ್ಲಿ ಹಾಡ್ಜ್‌ಕಿನ್ ಕಾಣುವ ಸಾಧ್ಯತೆ ಉಳಿದವರಿಗಿಂತ ಹೆಚ್ಚೆಂದು ಹೇಳುತ್ತಾರೆ, ಆದರೂ ಅದು ಅತಿ ಅಪರೂಪವೇ. ಅಂಗನವಾಡಿಯಲ್ಲಿ ಜ್ವರ, ಗುಳ್ಳೆ ಎದ್ದಿದ್ದರೆ ಮಾತ್ರ ಆ ವಾರ ಮನೆಯಲ್ಲಿಟ್ಟುಕೊಳ್ಳಿ.

ಇಲ್ಲೇ ನಿಮ್ಮ ತವರಿನ ಕಡೆಯ ಹುಡುಗಿಯ ಮಾತು ಹೇಳಿಬಿಡುತ್ತೇನೆ. ಮಕ್ಕಳಿಗೆ ಬರುವ ಬ್ಲಡ್ ಕ್ಯಾನ್ಸರ್‌ಗೆ ಇಂಥ ವೈರಸ್ ಎಂದು ಬೆರಳು ಮಾಡಿ ತೋರಿಸಲು ಯಾರಿಗೂ ಆಗಿಲ್ಲ. ಬ್ರಿಟನ್ನಿನ ಮೆಲ್ ಗ್ರೀವ್ಸ್ ಎಂಬ ವಿಜ್ಞಾನಿ 1988ರಿಂದ ಒಂದು ವಾದ ಮುಂದಿಡುತ್ತ ಬಂದಿದ್ದಾರೆ. ಮೊದಲ ಏರುಪೇರು ಗರ್ಭದಲ್ಲೇ ಆಗಿರುತ್ತದೆ. ಹುಟ್ಟಿದ ಮಕ್ಕಳ ಹಿಮ್ಮಡಿಯಿಂದ ಪರೀಕ್ಷೆಗೆಂದು ತೆಗೆದು ಕಾಗದದ ಮೇಲೆ ಒಣಗಿಸಿಟ್ಟಿದ್ದ ರಕ್ತದ ಹನಿಯಲ್ಲಿ, ವರ್ಷಗಳ ನಂತರ ಕಾಯಿಲೆ ಬಿದ್ದ ಮಕ್ಕಳ ಆ ಗುರುತು ಆಗಲೇ ಇದ್ದದ್ದನ್ನು ಅವರ ತಂಡ ತೋರಿಸಿತು. ಆ ಗುರುತಿನೊಂದಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಕಾಯಿಲೆ ಬರುತ್ತದೆ. ಎರಡನೆಯ ಪೆಟ್ಟು ಮುಂದೆ ಸಾಮಾನ್ಯ ಸೋಂಕಿನ ಸಮಯದಲ್ಲಿ ಬೀಳುತ್ತದೆ ಎನ್ನುವುದು ಅವರ ವಾದ. ಅದೂ ಯಾವ ಮಕ್ಕಳಿಗೆ? ಮೊದಲ ವರ್ಷದಲ್ಲಿ ಬೇರೆ ಮಕ್ಕಳ ಜೊತೆ ಬೆರೆಯದೆ, ಸಣ್ಣಪುಟ್ಟ ಸೋಂಕು ಕಾಣದೆ ಬೆಳೆದವರಿಗೆ. ಎಳೆಯ ವಯಸ್ಸಿನಲ್ಲೇ ಶಿಶುವಿಹಾರಕ್ಕೆ ಹೋದ ಮಕ್ಕಳಲ್ಲಿ ಈ ಕಾಯಿಲೆ ಕೊಂಚ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಮಗುವನ್ನು ಎಲ್ಲ ವೈರಸ್ಸಿನಿಂದ ಬಚ್ಚಿಡುವುದು ಪರಿಹಾರವಲ್ಲ ಎಂಬುದಕ್ಕಾದರೂ ಇದನ್ನು ನೆನಪಿಡಿ. ಮಿದುಳಿನ ಗಡ್ಡೆ, ಕಣ್ಣಿನ ಗಡ್ಡೆ, ಕಿಡ್ನಿ ಗಡ್ಡೆ, ಇವುಗಳಲ್ಲೂ ವೈರಸ್ಸಿನ ಪಾತ್ರ ಸಾಬೀತಾಗಿಲ್ಲ.

ಝೀಕಾ ಬಗ್ಗೆ ಕೇಳಿದಿರಿ. 2022ರ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನ ಐದು ವರ್ಷದ ಬಾಲಕಿಯಲ್ಲಿ ಅದು ಪತ್ತೆಯಾಯಿತು, ಪುಣೆಯ ವೈರಾಣು ಸಂಸ್ಥೆ ಖಚಿತಪಡಿಸಿತು, ರಾಜ್ಯದ ಮೊದಲ ಪ್ರಕರಣ ಎಂದು ಟಿವಿಯವರು ನಿಮ್ಮ ಜಿಲ್ಲೆಯನ್ನು ವಾರಗಟ್ಟಲೆ ತೋರಿಸಿದರು. ಝೀಕಾ ಕ್ಯಾನ್ಸರ್ ತರುವುದಿಲ್ಲ. ಅದರ ಅಪಾಯ ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯದಂತೆ ಮಾಡುತ್ತದೆ. ತಮಾಷೆಯೆಂದರೆ, ಮಿದುಳಿನ ಎಳೆಯ ಕೋಶಗಳನ್ನು ಹುಡುಕಿ ಕೊಲ್ಲುವ ಅದರ ಅದೇ ಗುಣವನ್ನು ಮಿದುಳಿನ ಕ್ಯಾನ್ಸರ್ ಮೇಲೆ ತಿರುಗಿಸಲು ಸಾಧ್ಯವೇ ಎಂದು ವಿಜ್ಞಾನಿಗಳು ಇಲಿಗಳಲ್ಲಿ ನೋಡುತ್ತಿದ್ದಾರೆ. ಅದು ಅವರಿಗಿರಲಿ. ಝೀಕಾ, ಡೆಂಗೆ ಎರಡನ್ನೂ ತರುವುದು ಹಗಲಲ್ಲಿ ಕಡಿಯುವ ಒಂದೇ ಸೊಳ್ಳೆ. ನೀರಿನ ಬ್ಯಾರಲ್, ಹಂಡೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ, ಮುಚ್ಚಳ ಹಾಕಿ. ನಾದಿನಿ ಮಧ್ಯಾಹ್ನ ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿ. ಮಗನಿಗೂ ಅದರಿಂದ ಒಳ್ಳೆಯದು.

ನಾದಿನಿಗೆ ನಿಮ್ಮ ಮಗನಿಂದ ಯಾವ ಭಯವೂ ಇಲ್ಲ. ಅವರ ಕೂಸಿನ ವಿಷಯದಲ್ಲಿ ನಾನು ಗಮನಕ್ಕೆ ತರುವುದು ಬೇರೆಯೇ ಒಂದು ವೈರಸ್, ಹೆಪಟೈಟಿಸ್ ಬಿ. ವೈರಸ್ಸಿಂದ ಬರುವ ಕ್ಯಾನ್ಸರ್‌ಗಳಲ್ಲಿ ನಾವು ಕೈಯಾರೆ ತಡೆಯಬಹುದಾದವುಗಳಲ್ಲಿ ಇದರದೂ ಒಂದು. ತಾಯಿಯ ರಕ್ತದಲ್ಲಿ ಈ ವೈರಸ್ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ದಾಟುತ್ತದೆ. ಹಾಗೆ ಹುಟ್ಟುವಾಗಲೇ ತಗಲಿದರೆ ಜೀವನಪೂರ್ತಿ ಲಿವರಿನಲ್ಲಿ ಉಳಿಯುತ್ತದೆ, ಕೆಲವರಿಗೆ ಮುಂದೆ ಲಿವರ್ ಕ್ಯಾನ್ಸರ್ ಆಗುತ್ತದೆ, ಅಪರೂಪಕ್ಕೆ ಮಕ್ಕಳಲ್ಲೇ ಆಗುತ್ತದೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರು ಮಾಡಿತು. 1997ರ ಹೊತ್ತಿಗೆ ಪ್ರಕಟವಾದ ಲೆಕ್ಕದಲ್ಲಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 0.70 ಇದ್ದ ಲಿವರ್ ಕ್ಯಾನ್ಸರ್ 0.36ಕ್ಕೆ ಇಳಿದಿತ್ತು. ಒಂದು ಲಸಿಕೆ ಮಕ್ಕಳ ಕ್ಯಾನ್ಸರನ್ನು ಅರ್ಧಕ್ಕೆ ಇಳಿಸಿದ್ದನ್ನು ಜಗತ್ತು ಕಂಡದ್ದು ಅದೇ ಮೊದಲು. ನಮ್ಮಲ್ಲೂ ಈ ಲಸಿಕೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಹುಟ್ಟಿದ 24 ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದಾರಾ ಎಂದು ನೀವೇ ನಿಂತು ಕೇಳಿ. ರವಿವಾರ, ಹಬ್ಬ ಎಂದು ಮುಂದೂಡಿದರೆ ಒಪ್ಪಬೇಡಿ. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅದು ಸೇರಿರುತ್ತದೆ. ನಾದಿನಿಯ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ನೋಡಿದ್ದಾರಾ ಎಂದೂ ತಾಯಿ ಕಾರ್ಡಿನಲ್ಲಿ ಹುಡುಕಿ.

ಟಿ.ಬಿ. ಗುಳಿಗೆಯಲ್ಲಿ ತಿಂಗಳುಗಳು ಕಳೆದವು ಎಂಬ ಸಂಕಟ ನಿಮಗಿದೆ. ನಮ್ಮ ದೇಶದಲ್ಲಿ ಕುತ್ತಿಗೆ ಗಂಟು ಎಂದರೆ ಟಿ.ಬಿ.ಯೇ ಹೆಚ್ಚು, ಜ್ವರ, ಬೆವರು, ಸೊರಗುವುದು ಎರಡರಲ್ಲೂ ಒಂದೇ. ಉಳಿದ ಓದುಗರೂ ಇಷ್ಟು ತಿಳಿದುಕೊಳ್ಳಲಿ: ಮಗುವಿನ ಕುತ್ತಿಗೆಯ ಗಂಟು ನೋವಿಲ್ಲದೆ, ರಬ್ಬರಿನಂತೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಟಿ.ಬಿ. ಔಷಧಿ ಶುರುವಾಗಿ ಎರಡು ತಿಂಗಳಾದರೂ ಇಳಿಯದಿದ್ದರೆ, ಬರೀ ಸೂಜಿಯಿಂದ ಎಳೆದ ಪರೀಕ್ಷೆ ಸಾಲದು, ಗಂಟನ್ನೇ ತೆಗೆದು ಬಯಾಪ್ಸಿ ಮಾಡಿಸಿ. ಅದಕ್ಕೆ ಮೊದಲು ಯಾರಾದರೂ ಸ್ಟೀರಾಯ್ಡ್ ಕೊಡಲು ಬಂದರೆ ಬೇಡ ಎನ್ನಿ, ಗಂಟು ತಾತ್ಕಾಲಿಕವಾಗಿ ಕರಗಿ ರೋಗ ಮರೆಯಾಗುತ್ತದೆ.

ಇನ್ನು ಖರ್ಚು, ಓಡಾಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿದೆ. ನೀವು ಯಾವ ಆಸ್ಪತ್ರೆಗೆ ಹೋಗುತ್ತಿದ್ದೀರಿ ಎಂದು ಬರೆದಿಲ್ಲ. 1973ರಿಂದ ಇರುವ ಸರಕಾರಿ ಕಿಡ್ವಾಯಿ ಸಂಸ್ಥೆಯಾಗಿದ್ದರೆ ಅದರ ಒಂದು ಘಟಕ ಕಲಬುರಗಿಯಲ್ಲೂ ಇದೆ, ನಡುವಿನ ರಕ್ತ ಪರೀಕ್ಷೆ, ಕೆಲವು ಚುಚ್ಚುಮದ್ದು ಅಲ್ಲೇ ಆಗಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ. ಆಸ್ಪತ್ರೆಯಲ್ಲಿ ಅದಕ್ಕೊಂದು ಫಾರಂ ಕೊಡುತ್ತಾರೆ, ಡಾಕ್ಟರ ಸಹಿ, ಮೊಹರು ಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರಿನ ಮೇಲೆಯೇ ಬೆಂಗಳೂರಿಗೆ ಹೋಗುತ್ತದೆ. ನಿಮ್ಮ ಯಜಮಾನರು ಹತ್ತಿ ಬಿಟ್ಟು ಬರಲಾರೆ ಎಂದರೆ ಅವರನ್ನು ಎಳೆಯಬೇಡಿ, ಜೊತೆಗೆ ಅತ್ತೆಯವರನ್ನು ಕರೆದುಕೊಂಡು ಹೋಗಿ. ವಾರ್ಡಿನಲ್ಲಿ ಅದೇ ಕಾಯಿಲೆಯ ಬೇರೆ ಮಕ್ಕಳನ್ನು, ಅವರ ಅಜ್ಜಿಯಂದಿರನ್ನು ನೋಡಿದರೆ ನಾನು ಇಷ್ಟು ಬರೆದು ಹೇಳಿದ್ದು ಅವರಿಗೆ ಬೇಗ ತಿಳಿಯುತ್ತದೆ. ಎಂಜಲಿನ ಪ್ರಶ್ನೆಯನ್ನು ಅವರ ಎದುರಿಗೇ ಡಾಕ್ಟರಿಗೆ ಇನ್ನೊಮ್ಮೆ ಕೇಳಿ.

ಮನೆಯವರು ಆಗಲೂ ನಿಲ್ಲಿಸೋಣ ಎಂದರೆ, ಕೀಮೋ ಇನ್ನೂ ಎಷ್ಟು ಉಳಿದಿವೆ, ಕೊನೆಯದು ಯಾವ ತಿಂಗಳು ಎಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಬನ್ನಿ. ಹಾಡ್ಜ್‌ಕಿನ್ ಚಿಕಿತ್ಸೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ವರ್ಷಗಟ್ಟಲೆ ಅಲ್ಲ. ಕೊನೆಯ ತಾರೀಖು ಕಣ್ಣಿಗೆ ಕಂಡರೆ ಗಂಡಸರು ಒಪ್ಪುತ್ತಾರೆ.